ಬೇರೆಯವರ ಮಾತು

ಹನ್ನೆರಡನೇ ತರಗತಿಯವರು ಶನಿವಾರ ಮಧ್ಯಾಹ್ನ ಪುಸ್ತಕ ಮುಟ್ಟಬಾರದು ಎಂದು ಆ ಶಾಲೆಯಲ್ಲಿ ಹೊಸ ನಿಯಮ ಬಂತು. ಮರಗೆಲಸ, ತೋಟ, ನಾಟಕ, ಯಾವುದಾದರೂ ಒಂದನ್ನು ಮಾಡಬೇಕು. ಅದಕ್ಕೆ ಅಂಕವಿಲ್ಲ.

ಅಂಕವಿಲ್ಲ ಎಂದು ಕೇಳಿ ಎಲ್ಲರಿಗಿಂತ ಹೆಚ್ಚು ಕಂಗಾಲಾದವಳು ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬರುವ ಹುಡುಗಿ. ಎಲ್ಲರೂ ಅವಳನ್ನು ರ್‍ಯಾಂಕು ಎಂದೇ ಕರೆಯುತ್ತಿದ್ದರು. ಗರಗಸ ಹಿಡಿದರೆ ಬೆರಳು ಹೋದೀತು, ಮಣ್ಣು ಮುಟ್ಟಿದರೆ ಸೀನು ಬಂದೀತು, ನಾಟಕವಾದರೆ ಬಾಯಿಪಾಠ ಮಾಡಿದರಾಯಿತು ಎಂದು ಲೆಕ್ಕ ಹಾಕಿ ಅವಳು ನಾಟಕಕ್ಕೆ ಸೇರಿದಳು.

ಮನೆಯಲ್ಲಿ ಅಪ್ಪ ಸಿಡಿದರು. ಬಸ್ ಓಡಿಸುವ ಮನುಷ್ಯ, ಮನೆಯಲ್ಲೂ ಹಾರನ್ನಿನಂತೆಯೇ ಮಾತು.

"ನಾಟಕ ಆಡಿದ್ರೆ ಕಾಲೇಜಲ್ಲಿ ಸೀಟು ಕೊಡ್ತಾರಾ? ಈ ಒಂದು ನಾಟಕ ಮುಗೀಲಿ, ಆಮೇಲೆ ನಾನೇ ಬಂದು ಹೆಡ್‌ಮಾಸ್ಟರ್ ಹತ್ರ ಮಾತಾಡಿ ಇದನ್ನ ಬಿಡಿಸ್ತೀನಿ."

ನಾಟಕ ಕಲಿಸುವವರು ಕೆಮಿಸ್ಟ್ರಿ ಮೇಷ್ಟ್ರು. ಕಥೆ ಸಣ್ಣದು. ಕೊಡೆ ರಿಪೇರಿ ಮಾಡುವ ಮುದುಕ, ಅಂಗಡಿ ಮುಚ್ಚು ಎಂದು ಜಗಳ ತೆಗೆಯುವ ಮಗಳು, ರಾಜಿ ಮಾಡಿಸಲು ಬರುವ ಪಕ್ಕದ ಮನೆ ಅತ್ತೆ. ಮಗಳ ಪಾತ್ರ ರ್‍ಯಾಂಕಿಗೆ ಸಿಕ್ಕಿತು. ಮುದುಕನ ಪಾತ್ರಕ್ಕೆ ತರಗತಿಯಲ್ಲೇ ಎತ್ತರದ ಹುಡುಗ, ಎಲ್ಲರ ಬಾಯಲ್ಲಿ ಕಂಬ.

ಮುಂದಿನ ಶನಿವಾರದ ಹೊತ್ತಿಗೆ ಅವಳಿಗೆ ತನ್ನ ಮಾತಷ್ಟೇ ಅಲ್ಲ, ಎಲ್ಲರ ಮಾತೂ ಬಾಯಿಗೆ ಬಂದಿತ್ತು. ತೊಂದರೆ ಶುರುವಾದದ್ದೇ ಅಲ್ಲಿ. ಕಂಬ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವನ ಮಾತನ್ನು ಇವಳೇ ಹೇಳಿಬಿಡುತ್ತಿದ್ದಳು. ಅತ್ತೆಯ ಪಾತ್ರದವಳು ಬಾಗಿಲ ಬಳಿ ತುಸು ತಡವರಿಸಿದರೆ ಅದೂ ಇವಳ ಬಾಯಲ್ಲೇ. ಖಾಲಿ ಬಿಟ್ಟ ಪ್ರಶ್ನೆ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

"ನಾವೆಲ್ಲ ಮನೆಗೆ ಹೋಗ್ತೀವಿ ಸರ್," ಎಂದಳು ಅತ್ತೆ. "ಇವಳೊಬ್ಬಳೇ ಆಡ್ಲಿ. ಚಪ್ಪಾಳೇನೂ ಇವಳೇ ತಟ್ಕೊಳ್ಳಲಿ."

ಮೇಷ್ಟ್ರು ಕೈಯಲ್ಲಿದ್ದ ಕೊಡೆ ಕೆಳಗಿಟ್ಟರು. "ಪರೀಕ್ಷೇಲಿ ಪಕ್ಕದವನ ಪೇಪರಲ್ಲಿ ನೀನು ಉತ್ತರ ಬರೀತೀಯೇನಮ್ಮಾ?"

"ಇಲ್ಲ ಸರ್."

"ಮತ್ತೆ ಇಲ್ಲಿ? ಇನ್ನೊಂದ್ ಸಲ ಬೇರೆಯವರ ಬಾಯಿಗೆ ಕೈ ಹಾಕಿದ್ರೆ ನೀನು ಪರದೆ ಎಳೆಯೋ ಕೆಲಸಕ್ಕೆ ಹೋಗು."

ಹಳೆಯ ರ್‍ಯಾಂಕಾಗಿದ್ದರೆ ಒಳ್ಳೆಯದೇ ಆಯಿತೆಂದು ಓದಲು ಹೋಗುತ್ತಿದ್ದಳು. ಆದರೆ ಈಗ ಬೆಂಚಿನ ಮೇಲೆ ಯಾರೋ ಅವಳಿಗೆಂದು ಜಾಗ ಹಿಡಿದಿಡುತ್ತಿದ್ದರು. ಕಂಬ ಮುರಿದ ಕೊಡೆಯ ಕಡ್ಡಿಯಿಂದ ಅವಳ ಜಡೆ ಎಳೆದು ಕಾಡಿಸುತ್ತಿದ್ದ. ಇಷ್ಟು ವರ್ಷ ಅವಳ ನೋಟ್ಸ್ ಕೇಳಿದವರಿದ್ದರು, ಅವಳನ್ನು ಕಾಡಿಸಿದವರಿರಲಿಲ್ಲ. ಅದನ್ನು ಬಿಟ್ಟು ಪರದೆಯ ಹಗ್ಗ ಹಿಡಿಯಲು ಅವಳಿಗೆ ಮನಸ್ಸಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅಜ್ಜಿ ಮಂಚದ ಮೇಲಿಂದ ಎಂದಿನಂತೆ ಶುರು ಮಾಡಿದರು. "ನನಗೆ ಒಂಚೂರು..."

ಬಿಸಿನೀರು ಎನ್ನಲು ರ್‍ಯಾಂಕು ಬಾಯಿ ತೆರೆದಳು. ತೆರೆದವಳು ಮೇಷ್ಟ್ರು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಅಜ್ಜಿ ಮಾತು ಹುಡುಕಿದರು, ಕೆಮ್ಮಿದರು, ಮತ್ತೆ ಹುಡುಕಿದರು. ಮೊಮ್ಮಗಳು ಮಂಚದ ಪಟ್ಟಿ ಹಿಡಿದು ನಿಂತಳು.

"ಒಂಚೂರು ಹೊತ್ತು ಕಿಟಕಿ ಹತ್ರ ಕೂರಬೇಕು ಅನ್ಸುತ್ತೆ ಕಣೇ."

"ಇಷ್ಟು ದಿನ ಹೇಳೋದಲ್ವಾ ಅಜ್ಜಿ?"

"ನೀನು ಹೇಳೋಕೆ ಬಿಟ್ರೆ ತಾನೆ? ಬಾಯಿ ತೆರೆದ್ರೆ ಬಿಸಿನೀರು. ಕುಡಿದೂ ಕುಡಿದೂ ಹೊಟ್ಟೆ ಕೆರೆ ಆಗಿದೆ."

ಅಜ್ಜಿಯನ್ನು ಕಿಟಕಿಯ ಬಳಿ ಕೂರಿಸಿ ಅವಳು ಸುಮ್ಮನೆ ಪಕ್ಕದಲ್ಲಿ ಕುಳಿತಳು. ಹಾಗಾದರೆ ತಾನು ಕೊಟ್ಟ ಉತ್ತರಗಳಲ್ಲಿ ಎಷ್ಟು ತಪ್ಪಿದ್ದವೋ.

ನಾಟಕದ ದಿನ ಶಾಲೆಯ ಸಭಾಂಗಣ ತುಂಬಿತ್ತು. ಹಿಂದಿನ ಬಾಗಿಲಲ್ಲಿ ಅಪ್ಪ ಖಾಕಿ ಅಂಗಿಯಲ್ಲೇ ಕೈಕಟ್ಟಿ ನಿಂತಿದ್ದರು. ಅವಳು ತನ್ನ ಮಾತು ಹೇಳಿದಳು. "ಅಪ್ಪ, ಈ ಅಂಗಡಿ ಮುಚ್ಚೋಣ."

ಕಂಬ ಸಿಡುಕಿ, ನಾನು ಸತ್ತ ಮೇಲೆ ಮುಚ್ಚು ಎನ್ನಬೇಕಿತ್ತು. ಎನ್ನಲಿಲ್ಲ. ಕೊಡೆಯನ್ನೇ ನೋಡುತ್ತಾ ನಿಂತ. ಕಣ್ಣು ಗಾಜಿನ ಗೋಲಿಯಾಗಿತ್ತು. ಮಾತು ಅವಳ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪರದೆಯ ಮರೆಯಲ್ಲಿ ಮೇಷ್ಟ್ರು ಹಣೆ ಹಿಡಿದುಕೊಂಡದ್ದು ಕಂಡಿತು. ಅವಳು ನೆಲದ ಮೇಲೆ ಕುಳಿತು ಕೊಡೆಯ ಇನ್ನೊಂದು ತುದಿ ಹಿಡಿದುಕೊಂಡಳು, ಅವನ ಮುಖ ನೋಡಿದಳು, ಕಾದಳು.

ಕಂಬ ಮೆಲ್ಲಗೆ ತಾನೂ ಕುಳಿತ. "ಏನು ಕೇಳಿದೆ ಮಗಳೇ? ನಾನು ಮರೆತೇಬಿಟ್ಟೆ."

ಸಭೆ ಒಮ್ಮೆಗೇ ನಕ್ಕಿತು, ಆಮೇಲೆ ತೆಪ್ಪಗಾಯಿತು. ನಿಜವಾದ ಮುದುಕನೊಬ್ಬ ಅಲ್ಲಿ ಕುಳಿತಿದ್ದ. ಆ ಮಾತಿಗೆ ಉತ್ತರ ಯಾವ ಹಾಳೆಯಲ್ಲೂ ಇರಲಿಲ್ಲ. ರ್‍ಯಾಂಕಿನ ತಲೆ ಒರೆಸಿದ ಬೋರ್ಡಿನಂತಾಯಿತು. ಏನಾದರೂ ಹೇಳಲೇಬೇಕಿತ್ತು.

"ನಾನೂ ಮರೆತೆ ಬಿಡಪ್ಪ," ಎಂದಳು. "ಕಡ್ಡಿ ಎಲ್ಲಿ ಮುರಿದಿದೆ ತೋರಿಸು."

ಇಬ್ಬರೂ ಕೊಡೆ ರಿಪೇರಿಗೆ ಕುಳಿತರು. ಆಡಬೇಕಿದ್ದ ಜಗಳ ಅಲ್ಲಿಗೆ ನೀರುಪಾಲಾಯಿತು. ಬಾಗಿಲ ಹೊರಗೆ ಕಾಯುತ್ತಿದ್ದ ಅತ್ತೆ ಇದೇನೂ ತಿಳಿಯದೆ ತನ್ನ ಸರದಿ ಬಂತೆಂದು ಒಳಗೆ ನುಗ್ಗಿದಳು. "ಏನ್ರೀ ನಿಮ್ಮ ಅಪ್ಪ-ಮಗಳ ಜಗಳ, ಬೀದಿಗೆಲ್ಲಾ ಕೇಳುತ್ತೆ?"

"ಜಗಳಾನಾ?" ಎಂದ ಕಂಬ.

"ನಿಮ್ಮ ಮನೇದೇ ಇರಬೇಕು ಅತ್ತೆ, ಹೋಗಿ ನೋಡಿ," ಎಂದಳು ರ್‍ಯಾಂಕು. ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಪರದೆಯೊಳಗೆ ಮುಖ ಹುದುಗಿಸಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವಂತಿರಲಿಲ್ಲ.

ನಾಟಕ ಮುಗಿಸಿ ಹೊರಗೆ ಬಂದಾಗ ಗೇಟಿನ ಬಳಿ ಅಪ್ಪ ಕಾಯುತ್ತಿದ್ದರು.

"ಆ ಉದ್ದನೆಯ ಹುಡುಗ ಮಾತು ಮರೆತ, ಅಲ್ವಾ?"

"ಹೂಂ."

"ನಿನಗೆ ಗೊತ್ತಿತ್ತು ತಾನೆ? ಮನೇಲಿ ನನ್ನ ತಲೆ ತಿಂದಿದ್ದೆಯಲ್ಲ, ನನಗೇ ಬಾಯಿಪಾಠ ಆಗಿದೆ."

"ಗೊತ್ತಿತ್ತು."

ಅಪ್ಪ ಕತ್ತಿನ ಗುಂಡಿ ಬಿಚ್ಚಿದರು, ಹಾಕಿದರು. "ಇನ್ಮೇಲೆ ಶನಿವಾರ..."

ಬರಬೇಡ ಎನ್ನುತ್ತಾರೆ ಎಂದು ಅವಳ ತಲೆ ಆಗಲೇ ವಾಕ್ಯ ಮುಗಿಸಿತ್ತು. ಆದರೂ ಬಾಯಿ ಬಿಡದೆ ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು.

"ಶನಿವಾರ ನನ್ನ ಬಸ್ಸು ಈ ಕಡೆಗೇ ಬರುತ್ತೆ," ಎಂದರು ಅಪ್ಪ. "ನಿನ್ನದು ಮುಗಿಯೋದು ಎಷ್ಟೊತ್ತಿಗೆ, ಹೇಳು."