ಆಚಾರಿಯ ಎಡಗಾಲು

ಸಾವಿರದ ಒಂಬೈನೂರ ತೊಂಬತ್ತೆಂಟರ ಬೇಸಿಗೆಯಲ್ಲಿ ಪಾಂಡವಪುರದ ಮುಂದಿದ್ದ ಅತಿ ಗಹನವಾದ ಪ್ರಶ್ನೆಯೆಂದರೆ, ಅಕ್ಕಸಾಲಿ ಹೊನ್ನಪ್ಪಾಚಾರಿಯವರ ಎಡಗಾಲು ಕಾರಿನೊಳಗೆ ಏನು ಮಾಡಬೇಕು ಎಂಬುದು. ಕಬ್ಬಿನ ಬೆಲೆ, ಕುಡಿಯುವ ನೀರು ಎಲ್ಲ ಅದರ ಹಿಂದೆ ಸಾಲಿನಲ್ಲಿ ನಿಂತಿದ್ದವು.

ಕ್ಲಚ್ ತುಳಿದರೆ ಮಂಡಿಯೊಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಹಾಗಾಗಿ ಹೋದ ತಿಂಗಳು ನಾಗಮಂಗಲದ ಮದುವೆಮನೆಗೆ ತಾಳಿ ಒಯ್ಯುವಾಗ ಅವರ ಹಳೆಯ ಮಾರುತಿಯನ್ನು ಹೆಂಡತಿಯ ತಮ್ಮ, ಮೆಕ್ಯಾನಿಕ್ ಸಿದ್ದರಾಜು ಓಡಿಸಿದ್ದ. ಇಸ್ತ್ರಿ ಷರಟಿನ ಸಿದ್ದರಾಜು ಮುಂದಿನಿಂದ ಇಳಿದ. ಆಚಾರಿಯವರು ಹಿಂದಿನಿಂದ ಕುಂಟುತ್ತ ಇಳಿದರು. ಅವರ ಮುಖ ಬಲ್ಲ ಏಕೈಕ ವ್ಯಕ್ತಿ, ಗಂಡಿನ ಸೋದರಮಾವ, ಆ ಹೊತ್ತಿಗೆ ಗರಿ ಹೊದಿಸಲು ಚಪ್ಪರದ ಮೇಲೆ ಹತ್ತಿದ್ದ. ತಾಳಿ ಮಾಡಿದವರಿಗೆ ಸಲ್ಲುವ ಅಕ್ಕಿ, ಬೆಲ್ಲ, ಎಲೆ-ಅಡಿಕೆಯ ತಟ್ಟೆ ಸಿದ್ದರಾಜುವಿನ ಕೈಗೆ ಹೋಯಿತು. "ಇಷ್ಟು ಚಿಕ್ ವಯಸ್ಗೇ ಎಂಥಾ ಕೆಲ್ಸ ಕಲ್ತವ್ನೆ ನೋಡಿ!" ಎಂದು ಮನೆಯ ಯಜಮಾನಿ ಮೆಚ್ಚಿದರು. ಆಚಾರಿಯವರಿಗೆ ಜಗಲಿಯ ತುದಿಯಲ್ಲಿ ಕಾಫಿ ಸಿಕ್ಕಿತು.

ಇನ್ನು ತಾವೇ ಓಡಿಸಿಕೊಂಡು ಹೋಗದ ಹೊರತು ಯಾವ ಮದುವೆಮನೆಗೂ ಕಾಲಿಡುವುದಿಲ್ಲವೆಂದು ಅವರು ಅಂದೇ ಆಡಿಬಿಟ್ಟರು. ಮುಂದಿನ ತಾಳಿ ಒಯ್ಯಬೇಕಿದ್ದ ಗೋವಿಂದನಹಳ್ಳಿಯ ಮದುವೆಗೆ ಈಗ ನಾಲ್ಕೇ ದಿನ. ಕೆಲಸಕ್ಕೆ ಕೂತರೆ ಏಳುತ್ತಿದ್ದರು, ಎದ್ದರೆ ಕೂರುತ್ತಿದ್ದರು.

ಸಿದ್ದರಾಜು ಮೊದಲು ಗೇರಿನ ಕಂಬಿಗೆ ಸ್ಕೂಟರಿನ ಕ್ಲಚ್ ಹಿಡಿ ಕಟ್ಟಿಕೊಟ್ಟ. "ಕಾಲ್ನ ಕೆಲ್ಸ ಕೈಗೆ ಬಂತು ಭಾವ. ಇಚುಕಿ, ಗೇರ್ ಆಕಿ, ಬುಡಿ. ಅರ್ಧ ಆಟೋಮ್ಯಾಟಿಕ್ಕು!"

ಆಚಾರಿಯವರು ಹಿಚುಕಿದರು, ಗೇರು ಹಾಕಿದರು. ಬಿಡುವುದನ್ನು ಮಾತ್ರ ಚಿನ್ನ ತೂಗುವಂತೆ ಗುಲಗಂಜಿ ಗುಲಗಂಜಿಯಾಗಿ ಬಿಟ್ಟರು. ನಲವತ್ತು ವರ್ಷದಲ್ಲಿ ಆ ಕೈ ಯಾವುದನ್ನೂ ಥಟ್ಟನೆ ಬಿಟ್ಟದ್ದಿಲ್ಲ. ರೈಲ್ವೆ ಸ್ಟೇಷನ್ ಮುಟ್ಟುವಷ್ಟರಲ್ಲಿ ಕ್ಲಚ್ ಪ್ಲೇಟು ಸುಟ್ಟ ವಾಸನೆ ಹಬ್ಬಿತು.

"ಮೂಗುತಿಗೆ ಬೆಸುಗೆ ಆಕ್ತಿದ್ದೀರಾ ಭಾವ? ಬುಡಿ ಅತ್ಲಾಗೆ!"

"ಬುಡ್ತಾನೇ ಇವ್ನಿ ಕಣ್ಲಾ!"

ಮಾರನೆಯ ದಿನ ಸಿದ್ದರಾಜು ಮೈಸೂರಿನ ಡಾಕ್ಟರೊಬ್ಬರು ಮಾರಲಿಟ್ಟಿದ್ದ ಆಟೋಮ್ಯಾಟಿಕ್ ಕಾರು ತಂದ. ಕ್ಲಚ್ಚೇ ಇಲ್ಲ, ಎರಡೇ ಪೆಡಲ್ಲು, ಎರಡೂ ಬಲಗಾಲಿಗೆ. "ಎಡಗಾಲ್ಗೆ ರಜಾ ಭಾವ" ಎಂದ. ಹಿಂದಿನ ಸೀಟಿನಲ್ಲಿ ಆಚಾರಿಯವರ ಹೆಂಡತಿ ಮಂಗಳಮ್ಮ ಕೂತರು.

ಕಾರು ಬೆಣ್ಣೆಯಂತೆ ಹೊರಟಿತು. ಮೊದಲ ತಿರುವಿನಲ್ಲಿ ಎಡಗಾಲು ಹಳೆಯ ಅಭ್ಯಾಸದಿಂದ ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನು ತುಳಿಯಿತು. ಕಾರು ನಿಂತಲ್ಲೇ ನಿಂತಿತು. ಮಂಗಳಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಹಿಂದಿದ್ದ ಕಬ್ಬಿನ ಗಾಡಿಯ ಎತ್ತುಗಳು ಕಾರಿನ ಗಾಜಿಗೆ ಮೂತಿ ಇಟ್ಟವು.

"ಯಾವನ್ಲಾ ಅವ್ನು ನಡು ರೋಡ್ನಾಗೆ!" ಗಾಡಿಯವನು ಕೂಗಿದ. "ಮಲ್ಗಕ್ಕೆ ಚಾಪೆ ತರ್ಲಾ?"

ಮುಂದೆ ಇನ್ನೆರಡು ಸಲ ಹಾಗೇ ಆಯಿತು. "ರಜಾ ಕೊಟ್ರೂ ಕೆಲ್ಸಕ್ಕೆ ಬತ್ತದಲ್ಲ ಭಾವ ಇದು" ಎಂದ ಸಿದ್ದರಾಜು.

ಆಚಾರಿಯವರು ಬೀಗದ ಕೈ ತೆಗೆದು ಅವನ ತೊಡೆಯ ಮೇಲೆ ಹಾಕಿದರು. "ಗೋವಿಂದನಳ್ಳಿಗೆ ನೀನೇ ಓಗ್ಲಾ. ತಟ್ಟೇನೂ ನೀನೇ ಈಸ್ಕೊ."

ಸಿದ್ದರಾಜು ನಗಲಿಲ್ಲ. ಮಂಗಳಮ್ಮ ಹಣೆ ತಿಕ್ಕಿಕೊಳ್ಳುತ್ತ, "ಅದ್ನ ಮಡಚ್ಕಂಡು ಕೂತ್ಕಳಿ ಅಂದ್ರೆ" ಎಂದರು. "ಕೆಲ್ಸಕ್ಕೆ ಕೂರ್ತೀರಲ್ಲ, ಅಂಗೆ. ಮಡಚುದ್ರೆ ನೋಯಕಿಲ್ವಲ್ಲ."

"ಕಾರ್ನಾಗಾ?"

"ಕಾರ್ನಾಗೆ ಕೂರ್ಬಾರ್ದು ಅಂತ ಎಲ್ಲಿ ಬರ್ದವ್ರೆ?"

ಆಚಾರಿಯವರು ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ಎಡಗಾಲನ್ನು ಬಲತೊಡೆಯ ಕೆಳಗೆ ಮಡಚಿಟ್ಟುಕೊಂಡು ಬೀಗದ ಕೈ ಈಸಿಕೊಂಡರು. ಕಾರು ಶ್ರೀರಂಗಪಟ್ಟಣದವರೆಗೆ ಎಲ್ಲೂ ನಿಲ್ಲಲಿಲ್ಲ.

ಡಾಕ್ಟರ ಕಾರು ಪಾಂಡವಪುರದಲ್ಲೇ ಉಳಿಯಿತು. ಮದುವೆಯ ದಿನ ಗೋವಿಂದನಹಳ್ಳಿಗೆ ಅದನ್ನು ಆಚಾರಿಯವರೇ ಓಡಿಸಿಕೊಂಡು ಹೋದರು. ಚಪ್ಪರದ ಮುಂದೆ ಕಾರು ನಿಂತಾಗ ಮಡಚಿದ ಕಾಲಿಗೆ ಜೋಮು ಹಿಡಿದಿತ್ತು. ಅವರು ಇಳಿಯಲು ಹತ್ತು ನಿಮಿಷವಾಯಿತು. ಮದುವೆಮನೆಯವರು ತಟ್ಟೆ ಹಿಡಿದು ಬಿಸಿಲಲ್ಲಿ ಕಾದು ನಿಂತರು.