ತಾಳವನ್ನು ಹೆಜ್ಜೆ ಎಂದುಕೊಂಡ ವಾಚು

ಡೊಂಬಿವಲಿಯಲ್ಲಿ ಮನೆ, ಮುಂಬಯಿಯಲ್ಲಿ ಕೆಲಸ. ಇಷ್ಟು ಹೇಳಿದರೆ ಇಲ್ಲಿಯ ನಮ್ಮ ಕನ್ನಡಿಗರ ದಿನಚರಿ ಮುಗಿಯಿತು. ಬೆಳಿಗ್ಗೆ ಲೋಕಲ್ ಗಾಡಿ, ಸಂಜೆ ಲೋಕಲ್ ಗಾಡಿ, ನಡುವೆ ಒಂದು ಕುರ್ಚಿ. ಮೈಯೆಲ್ಲ ಹಣ್ಣಾಗಿ ಮನೆ ಸೇರಿದವನಿಗೆ ವ್ಯಾಯಾಮ ಮಾಡು ಎಂದರೆ ಸಿಟ್ಟು ಬರುವುದು ಸಹಜವೇ. ಬೆವರು ಸುರಿದಿದೆ, ಕಾಲು ನೋಯುತ್ತಿದೆ, ಇನ್ನೇನು ಬೇಕು ನಿಮಗೆ ಎಂದು ಕೇಳುತ್ತಾನೆ. ಗರ್ದಿಯ ನೂಕಾಟದಲ್ಲಿ ನಿಂತು ಸುಸ್ತಾಗುವುದು ಬೇರೆ, ನಡೆದು ಗಟ್ಟಿಯಾಗುವುದು ಬೇರೆ. ಇದನ್ನು ರಮಾಕಾಂತರು ಕಲಿತದ್ದು ಸ್ವಲ್ಪ ತಡವಾಗಿ.

ರಮಾಕಾಂತರು ಉಡುಪಿಯ ಕಡೆಯವರು, ಪ್ರಾಯ ಐವತ್ತಾರು. ಹೋಟೆಲುಗಳಿಗೆ ಪಾತ್ರೆ, ಒಲೆ ಪೂರೈಸುವ ದಾದರಿನ ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತಾರೆ. ಮಕ್ಕಳಿಲ್ಲ. ಹೆಂಡತಿ ಅಪ್ಪಿ ಎರಡು ಸಾವಿರದ ಹದಿನಾರರ ಮಳೆಗಾಲದಲ್ಲಿ ಜ್ವರದಿಂದ ತೀರಿಕೊಂಡರು. ಅಲ್ಲಿಯವರೆಗೆ ಸಂಜೆ ಗಾಡಿ ಇಳಿದು, ಮನೆಯಲ್ಲಿ ಒಂದು ಲೋಟ ಚಹಾ ಕುಡಿದು, ಗಂಡ ಹೆಂಡತಿ ಮೈದಾನದವರೆಗೆ ನಡೆದು ಬರುವ ಕ್ರಮವಿತ್ತು. ಹೋಗುವಾಗ ಅಪ್ಪಿಯ ಮಾತು, ಬರುವಾಗಲೂ ಅಪ್ಪಿಯದೇ ಮಾತು, ರಮಾಕಾಂತರದು ಬರೀ ಹೂಂಗುಟ್ಟುವ ಕೆಲಸ. ಅಪ್ಪಿ ಹೋದ ಮೇಲೆ ಆ ನಡಿಗೆ ನಿಂತಿತು. ಮನೆಯಲ್ಲಿ ಟೀವಿ ಮಾತ್ರ ಮಾತಾಡುತ್ತಿತ್ತು, ಅದೂ ಹಿಂದಿಯಲ್ಲಿ.

ಸಕ್ಕರೆ ಕಾಯಿಲೆ ಅವರಿಗೆ ಮೊದಲಿಂದಲೂ ಇತ್ತು. ನಡಿಗೆ ನಿಂತದ್ದೇ ಅದು ಏರತೊಡಗಿತು. ಬಲಗಾಲಿನ ಹೆಬ್ಬೆರಳಿಗೆ ಜೋಮು ಹಿಡಿದಂತಾಯಿತು. ಡಾಕ್ಟರು ಸೂಜಿಯ ತುದಿ ತಾಗಿಸಿ ನೋಡಿದರು, ರಮಾಕಾಂತರಿಗೆ ಸರಿಯಾಗಿ ಗೊತ್ತಾಗಲಿಲ್ಲ. ಮಾತ್ರೆಯ ಜೊತೆಗೆ ದಿನಾ ನಡೆಯಲೇಬೇಕು, ಇಲ್ಲದಿದ್ದರೆ ಪಾದಕ್ಕೆ ಅಪಾಯ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ರಮಾಕಾಂತರು ಹೆದರಿದರು. ಒಂಟಿ ಮನುಷ್ಯ, ಮೂರನೇ ಮಾಳಿಗೆ, ಕಟ್ಟಡಕ್ಕೆ ಲಿಫ್ಟ್ ಇಲ್ಲ. ಕಾಲು ಕೈಕೊಟ್ಟರೆ ಒಂದು ಲೋಟ ನೀರು ಕೊಡುವವರು ಯಾರು?

ಹೆದರಿದ ಮನುಷ್ಯ ನಡೆಯಲು ಹೊರಡಬೇಕಿತ್ತು. ರಮಾಕಾಂತರು ವಾಚು ಕೊಳ್ಳಲು ಹೊರಟರು. ಆಫೀಸಿನ ಹುಡುಗರ ಕೈಯಲ್ಲೆಲ್ಲ ಹೆಜ್ಜೆ ಎಣಿಸುವ ವಾಚು ಬಂದಿದ್ದ ಕಾಲ ಅದು. ಒಂದು ಸಂಜೆ ಠಾಣೆಯಲ್ಲಿ ಇಳಿದು ನೌಪಾಡಾದ ಒಂದು ಅಂಗಡಿಗೆ ಹೋದರು. ಅಂಗಡಿಯವನು ಸಾಲಾಗಿ ಹರಡಿದ. ಒಂದು ಸಾದಾ ಪಟ್ಟಿ, ಹೆಜ್ಜೆಯನ್ನೂ ಎದೆಬಡಿತವನ್ನೂ ಮಾತ್ರ ತೋರಿಸುತ್ತಿತ್ತು. ಇನ್ನೊಂದು ಬಿಪಿ ತೋರಿಸುತ್ತದೆ, ನಿದ್ದೆ ಅಳೆಯುತ್ತದೆ, ಮನಸ್ಸಿನ ಒತ್ತಡವನ್ನೂ ಹೇಳುತ್ತದೆ ಎಂದ. ದಿನಕ್ಕಿಷ್ಟು ಹೆಜ್ಜೆ ಎಂಬ ಗುರಿ ಮುಟ್ಟಿದರೆ ಅದು ಕೈಯಲ್ಲಿ ಗುಂಯ್ ಎಂದು ನಡುಗಿ, ಗಾಜಿನ ಮೇಲೆ ಪಟಾಕಿ ಹಾರಿಸಿ, ಶಾಬಾಸ್ ಎಂಬ ಅರ್ಥದ ಇಂಗ್ಲಿಷ್ ಮಾತು ಮೂಡಿಸುತ್ತಿತ್ತು. ರಮಾಕಾಂತರು ಆ ಪಟಾಕಿಯನ್ನು ಇನ್ನೊಮ್ಮೆ ತೋರಿಸಲು ಹೇಳಿದರು. ಅದನ್ನೇ ಕೊಂಡರು. ಶಾಬಾಸ್ ಎನ್ನಲು ಮನೆಯಲ್ಲಿ ಯಾರೂ ಇಲ್ಲದವನು ಇನ್ನೇನು ಕೊಂಡಾನು ಹೇಳಿ.

ಈಗ ಗಾಡಿಯ ವಿಷಯ ಹೇಳಬೇಕು. ಬೆಳಿಗ್ಗೆ ಬದಲಾಪುರದಿಂದ ಬರುವ ಲೋಕಲಿನ ಒಂದು ಡಬ್ಬಿಯಲ್ಲಿ ಭಜನಾ ಮಂಡಳಿ ಉಂಟು. ಕಚೇರಿಗೆ ಹೋಗುವವರೇ ಸೇರಿ ದಾರಿಯುದ್ದಕ್ಕೂ ವಿಠ್ಠಲನ ಭಜನೆ ಹಾಡುತ್ತಾರೆ. ಹೆಚ್ಚಿನವರು ಮರಾಠಿಯವರು, ನಮ್ಮವರೂ ನಾಲ್ಕಾರು ಜನ. ಅಪ್ಪಿ ತೀರಿಕೊಂಡ ಮೇಲೆ ರಮಾಕಾಂತರನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಬದಲಾಪುರದಲ್ಲಿ ಗಾಡಿ ಹತ್ತುವ ಕಲಬುರಗಿಯ ಸಿದ್ರಾಮ. ಡೊಂಬಿವಲಿಯ ನೂಕುನುಗ್ಗಲಿನಲ್ಲಿ ಇವರ ಕೈಹಿಡಿದು ಒಳಗೆಳೆದು, ತನ್ನ ಪಕ್ಕದಲ್ಲಿ ಕೂರಿಸಿ, ಕೈಗೆ ತಾಳ ಕೊಟ್ಟ. ಅಂದಿನಿಂದ ದಾದರ್ ಬರುವವರೆಗೆ ತಾಳ ಹಾಕುವುದು ರಮಾಕಾಂತರ ಸೇವೆ. ದಿನದಲ್ಲಿ ಅವರು ನಾಲ್ಕು ಜನರೊಡನೆ ಬೆರೆಯುವ ಹೊತ್ತೆಂದರೆ ಅದೊಂದೇ.

ಹೊಸ ವಾಚು ಕಟ್ಟಿಕೊಂಡು ಭಜನೆಗೆ ಕುಳಿತ ಮೊದಲ ದಿನವೇ, ಗಾಡಿ ಮುಲುಂಡ್ ದಾಟುವಾಗ ಕೈ ಗುಂಯ್ ಎಂದಿತು. ಪಟಾಕಿ ಹಾರಿತು. ದಿನದ ಹೆಜ್ಜೆ ಪೂರ್ತಿಯಾಗಿತ್ತು. ರಮಾಕಾಂತರಿಗೆ ಆಶ್ಚರ್ಯವಾಯಿತು, ಆದರೆ ಬೇಡ ಎನ್ನಲು ಮನಸ್ಸು ಬರಲಿಲ್ಲ. ಮನೆಯಿಂದ ಸ್ಟೇಷನ್ನಿಗೆ ನಡೆದದ್ದು, ಜಿನೆಯ ಮೆಟ್ಟಿಲು ಹತ್ತಿದ್ದು, ನೂಕಾಟದಲ್ಲಿ ಕಾಲು ಬಡಿದದ್ದು ಎಲ್ಲ ಸೇರಿರಬೇಕು ಎಂದುಕೊಂಡರು. ಸಿದ್ರಾಮ ಬಗ್ಗಿ ನೋಡಿ, “ರಮಾಕಾಂತಣ್ಣ, ನಿಮ್ಮ ವಾಚಿಗೂ ಭಕ್ತಿ ಬಂದೈತಿ ನೋಡ್ರಿ,” ಎಂದು ನಕ್ಕ. ಅವನು ತಮಾಷೆಗೆ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಹೀಗೇ ಮೂರು ತಿಂಗಳು ಕಳೆಯಿತು. ದಿನಾ ಮುಲುಂಡಿನ ಹತ್ತಿರ ಶಾಬಾಸ್. ಗುರಿ ಮುಟ್ಟಿದ ಮೇಲೆ ಸಂಜೆ ನಡೆಯುವುದೇಕೆ? ರಮಾಕಾಂತರು ನೆಟ್ಟಗೆ ಮನೆಗೆ ಬಂದು, ಬೆಳಗಿನ ಅನ್ನಕ್ಕೆ ಸಾರು ಬಿಸಿ ಮಾಡಿ ಉಂಡು, ಟೀವಿಯ ಮುಂದೆ ಕೂರುತ್ತಿದ್ದರು. ಜಿನೆಯಲ್ಲಿ ಸಿಕ್ಕಿದವರಿಗೆಲ್ಲ ವಾಚು ತೋರಿಸುತ್ತಿದ್ದರು. ಎದುರುಮನೆಯ ಸಂಯುಕ್ತಾಳಿಗೂ ತೋರಿಸಿದ್ದರು. ಅವಳು ಮೈಸೂರಿನ ಹುಡುಗಿ, ವಾಶಿಯ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಮಾಡುವವಳು. ಅವಸರದಲ್ಲಿದ್ದವಳು ಒಳ್ಳೆಯದಾಯಿತು ಎಂದು ಇಳಿದು ಹೋಗಿದ್ದಳು.

ಮೂರು ತಿಂಗಳ ಮೇಲಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಲಿಲ್ಲ, ಇನ್ನೂ ಏರಿತ್ತು. ಅದಕ್ಕಿಂತ ದೊಡ್ಡ ಸಂಗತಿ ಕಾಲಿನದು. ಡಾಕ್ಟರು ಚಪ್ಪಲಿ ತೆಗೆಸಿ ನೋಡಿದರೆ ಹೆಬ್ಬೆರಳ ಬದಿಯಲ್ಲಿ ಚಪ್ಪಲಿ ಕಚ್ಚಿದ ಗಾಯ, ಕೀವಾಗಿತ್ತು. ನೋವು ತಿಳಿಯದ್ದರಿಂದ ರಮಾಕಾಂತರು ಅದನ್ನು ನೋಡಿಯೇ ಇರಲಿಲ್ಲ. ದಿನಾ ನಡೆಯುತ್ತೇನೆ ಎಂದು ವಾಚು ತೋರಿಸಿದರು. ಇಷ್ಟು ನಡೆದೂ ಹೀಗಾದರೆ ಮದ್ದು ಹೆಚ್ಚಿಸಲೇಬೇಕು ಎಂದು ಡಾಕ್ಟರು ಬರೆದುಕೊಟ್ಟರು. ಗಾಯ ಮಾಯುವವರೆಗೆ ಕಾಲಿಗೆ ಭಾರ ಬೀಳಬಾರದು, ಮಾಯದಿದ್ದರೆ ಬೆರಳು ಉಳಿಯುವುದು ಕಷ್ಟ ಎಂದರು.

ರಮಾಕಾಂತರು ಪಟ್ಟಿ ಕಟ್ಟಿದ ಕಾಲಿನಲ್ಲಿ ಜಿನೆ ಹತ್ತುತ್ತಿದ್ದಾಗ ಸಂಯುಕ್ತಾ ಕಂಡಳು. ಚೀಲ ತೆಗೆದುಕೊಂಡು ಜೊತೆಗೇ ಅವರ ಮನೆಯೊಳಗೆ ಬಂದಳು. ಆ ಮನೆಗೆ ಬೇರೊಬ್ಬರು ಬಂದು ತಿಂಗಳುಗಳೇ ಆಗಿದ್ದವು, ಕುರ್ಚಿಯ ಮೇಲಿನ ಒಗೆದ ಬಟ್ಟೆ ಸರಿಸಿ ಜಾಗ ಮಾಡಬೇಕಾಯಿತು. ನಡೆದದ್ದನ್ನೆಲ್ಲ ಕೇಳಿಕೊಂಡು, ದಿನಾ ಯಾವಾಗ ಗುರಿ ಮುಟ್ಟುತ್ತದೆ ಎಂದು ವಿಚಾರಿಸಿದಳು. ಮುಲುಂಡ್ ದಾಟುವಾಗ ಎಂದರು ರಮಾಕಾಂತರು.

“ಟ್ರೇನಲ್ಲಿ ನಡೀತೀರಾ ಅಂಕಲ್?”

“ಟ್ರೇನಲ್ಲಿ ನಡೀಲಿಕ್ಕೆ ಜಾಗ ಎಲ್ಲುಂಟು? ಕೂತು ಭಜನೆ ಮಾಡುವುದು.”

ಸಂಯುಕ್ತಾ ಅವರ ಕೈಯ ವಾಚನ್ನು ಬಗ್ಗಿ ನೋಡಿದಳು. ಆಮೇಲೆ ತಾಳ ಎಲ್ಲಿದೆ ಎಂದು ಕೇಳಿ ತಂದುಕೊಟ್ಟು, ಕುರ್ಚಿಯಿಂದ ಏಳದೆ ತಾಳ ಹಾಕಿ ಒಂದು ಭಜನೆ ಹಾಡಲು ಹೇಳಿದಳು. ಒಬ್ಬನೇ ಹೇಗೆ ಹಾಡುವುದು ಎಂದು ರಮಾಕಾಂತರು ಸಂಕೋಚಪಟ್ಟರು. ನಾನಿದ್ದೀನಲ್ಲ ಎಂದಳು ಅವಳು. ಅವರು ಸಣ್ಣ ದನಿಯಲ್ಲಿ ಒಂದು ಕನ್ನಡ ಭಜನೆ ಶುರು ಮಾಡಿದರು, ಎರಡನೇ ನುಡಿಗೆ ದನಿ ತೆರೆಯಿತು. ಅಪ್ಪಿ ಹೋದ ಮೇಲೆ ಆ ಮನೆಯಲ್ಲಿ ಕನ್ನಡದಲ್ಲಿ ಯಾರಾದರೂ ಗಟ್ಟಿಯಾಗಿ ಬಾಯಿ ಬಿಟ್ಟದ್ದು ಅದೇ ಮೊದಲು. ಹಾಡು ಮುಗಿದಾಗ ಸಂಯುಕ್ತಾ ಅವರ ಕೈ ಹಿಡಿದು ವಾಚು ತೋರಿಸಿದಳು. ಕುಳಿತಲ್ಲಿಯೇ ನೂರಾರು ಹೆಜ್ಜೆ ಏರಿದ್ದವು.

ರಮಾಕಾಂತರು ವಾಚು ತೆಗೆದು ಮೇಜಿನ ಮೇಲಿಟ್ಟರು. ಹಾಗಾದರೆ ಅಂಗಡಿಯವನು ಮೋಸ ಮಾಡಿದನೇ ಎಂದು ಕೇಳಿದರು.

ಮೋಸವಲ್ಲ ಎಂದು ಸಂಯುಕ್ತಾ ವಿವರಿಸಿದಳು. ಕೈಗೆ ಕಟ್ಟುವ ವಾಚಿಗೆ ಕಾಲು ಕಾಣುವುದಿಲ್ಲ, ಕೈಯ ಅಲುಗಾಟ ಮಾತ್ರ ತಿಳಿಯುತ್ತದೆ. ತಾಳ ಹಾಕಿದರೂ ಚಪಾತಿ ಲಟ್ಟಿಸಿದರೂ ಅದು ಹೆಜ್ಜೆ ಎಂದುಕೊಳ್ಳಬಹುದು. ಆದ್ದರಿಂದ ಅಂಥ ಹೊತ್ತಿನಲ್ಲಿ ಅದನ್ನು ಬಿಚ್ಚಿ ಕಿಸೆಯಲ್ಲಿಡಬೇಕು. ಕೊಳ್ಳುವ ಮೊದಲು ಅಂಗಡಿಯ ಮುಂದೆಯೇ ನೂರು ಹೆಜ್ಜೆ ಬಾಯಲ್ಲಿ ಎಣಿಸಿ ನಡೆದು, ವಾಚಿನ ಲೆಕ್ಕ ಹತ್ತಿರ ಬರುತ್ತದೆಯೇ ನೋಡಬೇಕು. ಅಕ್ಷರ ಕನ್ನಡಕವಿಲ್ಲದೆ ಕಾಣಬೇಕು, ಪಟ್ಟಿ ಚರ್ಮಕ್ಕೆ ಉರಿ ತರಬಾರದು, ಚಾರ್ಜು ಕೆಲವು ದಿನವಾದರೂ ಬಾಳಬೇಕು. ಬಿಪಿ ತೋರಿಸುತ್ತದೆ ಎಂಬ ವಾಚನ್ನು ನಂಬಿ ಮಾತ್ರೆಯನ್ನು ಹೆಚ್ಚು ಕಡಿಮೆ ಮಾಡಲೇಬಾರದು, ಅದಕ್ಕೆ ತೋಳಿಗೆ ಸುತ್ತುವ ಯಂತ್ರವೇ ಬೇಕು. ರಮಾಕಾಂತರಿಗೆ ಆ ಸಾದಾ ಪಟ್ಟಿಯೇ ಸಾಕಿತ್ತು.

“ಇನ್ನೊಂದು ಪರೀಕ್ಷೆ ಇದೆ ಅಂಕಲ್, ಅದಕ್ಕೆ ವಾಚೂ ಬೇಡ. ನಡೆಯುವಾಗ ಪಕ್ಕದಲ್ಲಿರೋರ ಜೊತೆ ಮಾತಾಡಕ್ಕೆ ಆಗಬೇಕು, ಹಾಡಕ್ಕೆ ಆಗಬಾರದು. ಅಷ್ಟು ವೇಗ ಇದ್ರೆ ಸರಿಯಾಗಿ ನಡೀತಿದ್ದೀರಿ ಅಂತ.”

ರಮಾಕಾಂತರು ನೆಲ ನೋಡುತ್ತಾ ಹೇಳಿದರು: “ಪಕ್ಕದಲ್ಲಿ ಯಾರುಂಟು ಮಗಾ, ಮಾತಾಡ್ಲಿಕ್ಕೆ?”

ಆಮೇಲೆ ಅವರೇ ಎಲ್ಲ ಹೇಳಿಕೊಂಡರು. ಅಪ್ಪಿ ಹೋದ ಹೊಸತರಲ್ಲಿ ಒಂದು ಸಂಜೆ ಅವರು ಮೈದಾನದ ಕಡೆ ನಡೆದದ್ದುಂಟು. ದಾರಿಯ ಹಣ್ಣಿನ ಗಾಡಿಯವನು, ಭಾಭೀ ಬರಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಇಲ್ಲ, ಊರಿಗೆ ಹೋಗಿದ್ದಾಳೆ ಎಂದು ಇವರ ಬಾಯಿಂದ ಬಂದುಬಿಟ್ಟಿತು. ಯಾವಾಗ ಬರುತ್ತಾರೆ ಎಂದು ಅವನು ಕೇಳಿದರೆ ಏನು ಹೇಳುವುದೆಂದು ಹೆದರಿ ಆ ರಸ್ತೆಗೇ ಕಾಲಿಡಲಿಲ್ಲ. ನಡೆಯಲು ಪುರುಸೊತ್ತಿಲ್ಲದ್ದಲ್ಲ, ಸುಸ್ತೂ ಅಲ್ಲ. ವಾಚು ನಿಮ್ಮ ನಡಿಗೆ ಮುಗಿಯಿತು ಎಂದದ್ದು ಅವರಿಗೆ ಬೇಕಾದ ಮಾತೇ ಆಗಿತ್ತು.

ಸಂಯುಕ್ತಾಳಿಗೆ ಆಸ್ಪತ್ರೆಯಲ್ಲಿ ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಸಂಜೆಯದು. “ದಿನಾ ನಿಮ್ಮ ಜೊತೆ ಬರ್ತೀನಿ ಅಂತ ಸುಳ್ಳು ಹೇಳಲ್ಲ ಅಂಕಲ್,” ಎಂದಳು. “ಆದ್ರೆ ಮಾತಾಡಕ್ಕೆ ಯಾರೂ ಇಲ್ಲ ಅಂತ ಕಾಲು ಕಳ್ಕೋಬೇಡಿ. ಅದು ಹೋದ್ರೆ ಆಮೇಲೆ ನೀವಾಗಿ ಯಾರ ಹತ್ರಾನೂ ಹೋಗಕ್ಕಾಗಲ್ಲ.”

ಆ ಮಾತು ನಾಟಿತು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಡಾಕ್ಟರು ಇನ್ನು ನಡೆಯಬಹುದು ಎಂದ ಮೇಲೆ ರಮಾಕಾಂತರು ಮೆತ್ತನೆಯ ಬೂಟು, ಹತ್ತಿಯ ಕಾಲುಚೀಲ ಕೊಂಡರು. ದಿನಾ ಮಲಗುವ ಮೊದಲು ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುವ ರೂಢಿ ಮಾಡಿಕೊಂಡರು. ಮೊದಲ ಸಂಜೆ ನೆಟ್ಟಗೆ ಹಣ್ಣಿನ ಗಾಡಿಯ ಬಳಿಗೇ ಹೋದರು. ಅವನು ಕೇಳುವ ಮೊದಲೇ, ಭಾಭೀ ತೀರಿಕೊಂಡು ವರ್ಷ ದಾಟಿತು ಎಂದು ಹೇಳಿಬಿಟ್ಟರು. ಅವನು ಕೈಯಲ್ಲಿದ್ದ ಚಾಕು ಕೆಳಗಿಟ್ಟ. ರಮಾಕಾಂತರು ಸ್ವಲ್ಪ ಹೊತ್ತು ಅವನ ಬಳಿ ನಿಂತು ಮುಂದೆ ನಡೆದರು.

ಮೈದಾನದ ಸುತ್ತು ಶುರುವಾದಾಗ ಸಂಯುಕ್ತಾ ಹೇಳಿದ ಪರೀಕ್ಷೆ ನೆನಪಾಯಿತು. ಸರಿಯಾಗಿ ನಡೆಯುತ್ತಿದ್ದೇನೆಯೇ ಎಂದು ತಿಳಿಯಲು ಮಾತಾಡಿ ನೋಡಬೇಕಲ್ಲ. ಸುತ್ತ ಅರ್ಧ ಜನ ಕಿವಿಗೆ ವೈರು ಸಿಕ್ಕಿಸಿಕೊಂಡು ತಮ್ಮಷ್ಟಕ್ಕೆ ಮಾತಾಡುತ್ತಾ ನಡೆಯುತ್ತಿದ್ದರು. ರಮಾಕಾಂತರೂ ಮಾತಾಡಿದರು. “ಅಪ್ಪೀ, ಸೀಯಾಳಕ್ಕೆ ಈಗ ಎಷ್ಟು ಕ್ರಯ ಆಗಿದೆ ಗೊತ್ತುಂಟಾ,” ಎಂದು ಶುರು ಮಾಡಿದರು. ಸಿದ್ರಾಮನ ತಮಾಷೆ ಹೇಳಿದರು, ಗಾಯದ ವಿಷಯ ಹೇಳಿದರು. ಮೊದಲೆಲ್ಲ ಅವಳು ಮಾತಾಡುವುದು, ಇವರು ಹೂಂಗುಟ್ಟುವುದು. ಈಗ ಎರಡೂ ಇವರದೇ ಪಾಲಿಗೆ ಬಂದಿತ್ತು. ಕಣ್ಣು ತುಂಬಿತು, ಆದರೆ ಕಾಲು ನಿಲ್ಲಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಹೆಬ್ಬೆರಳಿನ ಜೋಮು ಪೂರ್ತಿ ಹೋಗಿಲ್ಲ, ಬೆರಳು ಉಳಿದಿದೆ. ಒಂದು ಭಾನುವಾರ ಸಂಯುಕ್ತಾ ಕಿಟಕಿಯಿಂದ ಕರೆದು, ನಿಲ್ಲಿ, ನಾನೂ ಬರುತ್ತೇನೆ ಎಂದಳು. ಅಂದು ರಮಾಕಾಂತರು ನಡೆದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು.

ಓದುಗರೇ, ವಾಚು ಕೊಳ್ಳಿ, ಬೇಡ ಎನ್ನುವುದಿಲ್ಲ. ಏನೇನು ತೋರಿಸುತ್ತದೆ ಎಂದು ನೋಡಿ ಮರುಳಾಗಬೇಡಿ, ನಿಮಗೆ ಏನು ಬೇಕು ಎಂದು ನೋಡಿ ಕೊಳ್ಳಿ. ನೂರು ಹೆಜ್ಜೆ ಎಣಿಸಿ ಪರೀಕ್ಷಿಸಿ. ಕೈ ದುಡಿಯುವಾಗ ಬಿಚ್ಚಿಡಿ. ಅದು ಹೇಳಿತೆಂದು ಮದ್ದು ಬಿಡಬೇಡಿ, ರಕ್ತಪರೀಕ್ಷೆ ತಪ್ಪಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ದಿನಾ ಪಾದ ನೋಡಿಕೊಳ್ಳಿ.

ಇನ್ನೊಂದು ಮಾತು, ವಾಚು ಕೊಳ್ಳದವರಿಗೂ ಸೇರಿ. ನಿಮ್ಮ ಕಟ್ಟಡದಲ್ಲಿ ಒಬ್ಬರೇ ನಡೆಯಲು ಹೋಗುವವರು ಇರುತ್ತಾರೆ. ಹೋಗುವುದನ್ನು ಬಿಟ್ಟವರೂ ಇರುತ್ತಾರೆ. ಇಂದು ಸಂಜೆ ಅವರ ಬಾಗಿಲು ತಟ್ಟಿ, ನಡೆದು ಬರೋಣವೇ ಎಂದು ಕೇಳಿ. ಸ್ವಲ್ಪ ದೂರ ಹೋದ ಮೇಲೆ ಮಾತು ಅವರೇ ಶುರು ಮಾಡುತ್ತಾರೆ.