ರಫೂಲನ ಮೇಲಿನ ಸ್ವರ

ಅಲೆಪ್ಪೊದ ಯೆಹೂದಿಗಳು ದೇವರ ತಪ್ಪನ್ನಾದರೂ ಹೊಟ್ಟೆಗೆ ಹಾಕಿಕೊಂಡಾರು, ರಾಗದ ತಪ್ಪನ್ನಲ್ಲ. ಶನಿವಾರದ ಪ್ರಾರ್ಥನೆಗೆ ಆಯಾ ವಾರದ ರಾಗವೇ ಆಗಬೇಕು. ಕಡಲು ಸೀಳಿ ದಾರಿಬಿಟ್ಟ ಕಥೆ ಓದುವ ವಾರಕ್ಕೆ ಹಿಗ್ಗಿನ ಅಜಮ್; ಸಾವಿನ ಮನೆಗೆ ಹಿಜಾಜ್. ಇದು ಪಿಸ್ತಾ ಮಾರುವವನಿಗೂ ಗೊತ್ತು.

ಗಡ್ಡ ಕಪ್ಪಗಿದ್ದ ಕಾಲದಿಂದ ಮಂದಿರದಲ್ಲಿ ಪ್ರಾರ್ಥನೆ ಹಾಡಿಸುತ್ತಿದ್ದ ಹಝಾನ್ ರಫೂಲನಿಗೆ ಆ ಚಳಿಗಾಲ ಕೆಮ್ಮು ಬಂತು. ಹೋಗುವಾಗ ಅದು ಮೇಲಿನ ಸ್ವರವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಂದಿರದ ಯಜಮಾನ ಮತ್ಲೂಬ್ ಎಫೆಂದಿ ಶುಕ್ರವಾರ ಊರ ಸ್ನಾನದ ಹಮಾಮಿನ ಹಬೆಯಲ್ಲೇ ವಿಷಯ ತೀರ್ಮಾನಿಸಿದ.

“ಹಝಾನರೇ, ನಾಳೆ ಗಂಟಲು ಒಡೀತೋ, ಮುಂದಿನ ವಾರದಿಂದ ನಮ್ಮಳಿಯ ಹಾಡ್ತಾನೆ. ನೀವು ಆರಾಮಾಗಿ ಕೂತು ಕೇಳಿ.”

“ನಿಮ್ಮಳಿಯ ಹಾಡೋದನ್ನ ನಾನು ನಿಂತೇ ಕೇಳೋದು ಎಫೆಂದಿ. ಓಡೋಕೆ ಅನುಕೂಲ.”

ಮಾತಿನಲ್ಲೇನೋ ಗೆದ್ದ. ಮನೆಗೆ ಬರುವಷ್ಟರಲ್ಲಿ ಮುಖ ಬಾಡಿತ್ತು.

ಬೆಳಿಗ್ಗೆ ಹೆಂಡತಿ ಬಹೀಯ ಬಿಸಿ ಸೋಂಪಿನ ಕಷಾಯ ಕೈಗಿಟ್ಟಳು. “ಅಲ್ರೀ, ಆ ಮೇಲಿನ ಸ್ವರ ಊರಿಗೆಲ್ಲ ಬಾಯಿಪಾಠ. ನೀವು ಹಾಡದಿದ್ರೂ ಅವರಿಗೆ ಕೇಳ್ಸುತ್ತೆ.”

“ಪಿಸ್ತಾ ಅಬ್ಬೂದನಿಗೆ ಹೇಳು ಇದನ್ನ. ಅವನ ಕಿವಿ ನಮ್ಮ ರಬ್ಬಿಗಿಂತ ಕಟ್ಟುನಿಟ್ಟು.”

ಅದು ಕಡಲು ಸೀಳಿದ ಕಥೆಯ ವಾರ; ಮಂದಿರ ಕಿಕ್ಕಿರಿದಿತ್ತು. ರಫೂಲ್ ಶಾಲು ತಲೆಗೆಳೆದುಕೊಂಡು ಬಾಯಿ ತೆರೆದ. ಭಯಕ್ಕೋ, ಆ ವಾರವೆಲ್ಲ ಒಂದು ಸಾವಿನ ಮನೆಯಲ್ಲಿ ಹಾಡಿದ್ದಕ್ಕೋ, ಹೊರಬಿದ್ದದ್ದು ಹಿಜಾಜ್!

ಅಬ್ಬೂದ್ ಪುಸ್ತಕವನ್ನು ಪಟ್ಟೆಂದು ಬಡಿದ. “ಯಾರು ಸತ್ರಯ್ಯಾ?”

ನಗು ಸಾಲಿನಿಂದ ಸಾಲಿಗೆ ಹರಿಯಿತು. ಮತ್ಲೂಬ್ ಎಫೆಂದಿ ಆಗಲೇ ಅಳಿಯನ ಶಾಲು ಸರಿಮಾಡತೊಡಗಿದ.

ನಿಲ್ಲಿಸಿ ಮತ್ತೆ ಮೊದಲಿನಿಂದ ಎತ್ತಿಕೊಂಡರೆ ಸೋಲು ಒಪ್ಪಿದಂತೆ. ರಫೂಲನಿಗೆ ಆ ದಿನದ ಕಥೆಯೇ ನೆನಪಾಯಿತು: ಹಿಂದೆ ಬೆನ್ನಟ್ಟಿ ಬಂದ ದೊರೆ ಫರೋಹನ ಸೈನ್ಯ, ಮುಂದೆ ನೀರು. ಕಡಲು ಸೀಳುವ ಮೊದಲು ಆ ದಂಡೆಯಲ್ಲಿ ಹಿಗ್ಗಿದವರು ಯಾರು? ಅವನು ಹಿಜಾಜನ್ನು ಬಿಡಲಿಲ್ಲ. ದಂಡೆಯ ಮೇಲೆ ಅದನ್ನು ಚೆನ್ನಾಗಿಯೇ ಅಳಲು ಬಿಟ್ಟ. ಆಮೇಲೆ ಒಂದು ಸ್ವರ ಸಡಿಲಿಸಿದ, ಇನ್ನೊಂದು ಸಡಿಲಿಸಿದ. ನೀರಿಗೆ ಕಾಲಿಟ್ಟವನಿಗೆ ಅಡಿಯಲ್ಲಿ ಒಣನೆಲ ಸಿಕ್ಕಿದ ಹಾಗೆ ಅಜಮ್ ತೆರೆದುಕೊಂಡಿತು.

“ಆಹ್!” ಎಂದ ಅಬ್ಬೂದ್. ಅವನ ಬಾಯಿಂದ ಈ ಉದ್ಗಾರ ಬರುವುದು ಪಿಸ್ತಾ ಬೆಲೆ ಏರಿದಾಗ ಮಾತ್ರ.

ಹಾಡು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಕೊನೆಯ ಮೆಟ್ಟಿಲಿನ ಮೇಲೆ ಆ ಸ್ವರ. ರಫೂಲ್ ಎರಡೂ ಕೈ ಚಾಚಿ, ಬಾಯಿ ಮುಚ್ಚಿಬಿಟ್ಟ.

ಹುಟ್ಟಿದಾರಭ್ಯ ಆ ಸ್ವರ ಕೇಳಿ ಬೆಳೆದವರಿಗೆ ಅದನ್ನು ನಡುದಾರಿಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ. ಇಡೀ ಮಂದಿರವೇ ಎತ್ತಿಕೊಂಡಿತು. ಮೇಲಂತಸ್ತಿನಿಂದ ಹೆಂಗಸರ ಕೇಕೆ, ಮೊದಲನೆಯದು ಬಹೀಯಳದ್ದೇ. ಎಲ್ಲರಿಗಿಂತ ಮೇಲೆ, ಕಣ್ಣುಮುಚ್ಚಿ, ಕತ್ತಿನ ನರ ಉಬ್ಬಿಸಿಕೊಂಡು ಹಾಡುತ್ತಿದ್ದವನು ಮತ್ಲೂಬ್ ಎಫೆಂದಿ. ಪಕ್ಕದಲ್ಲಿ ಅಳಿಯ ಬಾಯಿಬಿಟ್ಟು ಮಾವನನ್ನೇ ನೋಡುತ್ತಿದ್ದ.

ಪ್ರಾರ್ಥನೆ ಮುಗಿದ ಮೇಲೆ ಎಫೆಂದಿ ಬೆವರೊರೆಸಿಕೊಳ್ಳುತ್ತ ಬಂದ. “ಮೇಲಿನ ಸ್ವರ ನೀವು ಹಾಡ್ಲೇ ಇಲ್ಲವಲ್ಲ?”

“ನೀವು ಹಾಡಿದ್ರಲ್ಲ ಎಫೆಂದಿ. ಮುಂದಿನ ವಾರ ನಾನು ಎತ್ಕೊಡ್ತೀನಿ, ನೀವು ಮತ್ತೆ ಹಿಡಿದ್ಬಿಡಿ. ಗಂಟಲು ಜೋಪಾನ.”

ಎಫೆಂದಿ ಸುತ್ತಮುತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ: “ಏನು ಕುಡಿಯೋದು? ಸೋಂಪೋ, ಹಸಿ ಮೊಟ್ಟೆಯೋ?”